ಗಂಡು ಕುದುರೆಯ ಋತು: ಹದಿಮೂರನೇ ಅಕ್ಷಾಂಶದಿಂದ ಒಂದು ಮರುನೋಟ

ಕುದುರೆ ಸಾಕಣೆಯ ಪಠ್ಯಪುಸ್ತಕಗಳು ಗಂಡು ಕುದುರೆಯ ವರ್ಷವನ್ನು ಎರಡು ಪಾಲು ಮಾಡಿ ಹೇಳುತ್ತವೆ. ಹಗಲು ಹಿಗ್ಗುವ ತಿಂಗಳುಗಳಲ್ಲಿ ವೃಷಣ ದೊಡ್ಡದಾಗುತ್ತದೆ, ರಕ್ತದಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ, ವೀರ್ಯಾಣುಗಳು ಹೆಚ್ಚುತ್ತವೆ. ಹಗಲು ಕುಗ್ಗಿದಂತೆ ಇವೆಲ್ಲವೂ ಇಳಿಯುತ್ತವೆ. ಮಾತು ನಿಜವೇ. ಆದರೆ ಅದಕ್ಕೆ ಆಧಾರವಾದ ಅಳತೆಗಳಲ್ಲಿ ಬಹುಪಾಲು ಅಮೆರಿಕದ ಕೊಲರಾಡೊ, ಟೆಕ್ಸಸ್‌ಗಳಿಂದ ಮತ್ತು ಯುರೋಪಿನ ಕುದುರೆ ಫಾರಂಗಳಿಂದ ಬಂದಿವೆ. ಇಂಗ್ಲೆಂಡಿನ ನ್ಯೂಮಾರ್ಕೆಟ್ 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿನ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು 9 ಗಂಟೆಗಳ ಅಂತರ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಅದು 5 ಗಂಟೆಗೆ ಮೇಲೆ. ಕುದುರೆ ಫಾರಂಗೆ ಹೆಸರಾದ ನಮ್ಮ ಕುಣಿಗಲ್ 13 ಡಿಗ್ರಿಯಲ್ಲಿದೆ; ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿ ಅದಕ್ಕಿಂತ ತುಸು ಉತ್ತರಕ್ಕೆ, 13.6 ಡಿಗ್ರಿಯ ಆಸುಪಾಸಿನಲ್ಲಿದೆ. ಇಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 55 ನಿಮಿಷ, ಡಿಸೆಂಬರ್ 22ರದು 11 ಗಂಟೆ 20 ನಿಮಿಷ. ವರ್ಷದ ಏರಿಳಿತವೆಲ್ಲ ಸೇರಿ ಒಂದೂವರೆ ಗಂಟೆ. ಹೀಗಿರುವಾಗ ಆ ಪುಸ್ತಕದ ಋತು ಕನ್ನಡ ನಾಡಿನ ಗಂಡು ಕುದುರೆಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ? ಋತು ಇಲ್ಲಿಯೂ ಇದೆ, ಆದರೆ ಆಳವಿಲ್ಲದ್ದು. ಇಲ್ಲಿ ಬೆಳಕಿನ ಅಧಿಕಾರ ಕಡಿಮೆ, ಬಿಸಿಲಿನದೂ ಮೇವಿನದೂ ಹೆಚ್ಚು. ಆದ್ದರಿಂದ ಉತ್ತರದ ಪಂಚಾಂಗವನ್ನು ಹಾಗೆಯೇ ತಂದು ಇಲ್ಲಿನ ಲಾಯದ ಗೋಡೆಗೆ ತೂಗುಹಾಕಬಾರದು ಎಂಬುದು ಈ ಲೇಖನದ ವಾದ.

ಮೊದಲು ದೇಹದೊಳಗಿನ ವ್ಯವಸ್ಥೆಯನ್ನು ನೋಡಬೇಕು. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ; ಬೆಳಕು ಹರಿದೊಡನೆ ನಿಲ್ಲಿಸುತ್ತದೆ. ರಾತ್ರಿ ಉದ್ದವಾದಷ್ಟೂ ಮೆಲಟೋನಿನ್ ಹರಿಯುವ ಅವಧಿ ಉದ್ದ. ದೇಹಕ್ಕೆ ಇದು ಯಾವ ಕಾಲ ಎಂದು ತಿಳಿಯುವುದು ಈ ಅವಧಿಯಿಂದಲೇ. ಕುದುರೆಯಲ್ಲಿ ದೀರ್ಘ ಮೆಲಟೋನಿನ್ ಅವಧಿಯು ಹೈಪೋಥಲಾಮಸ್ ಬಿಡುಗಡೆ ಮಾಡುವ ಜಿಎನ್‌ಆರ್‌ಎಚ್ ಹಾರ್ಮೋನನ್ನು ಹಿಡಿದಿಡುತ್ತದೆ. ರಾತ್ರಿ ಚಿಕ್ಕದಾದಾಗ ಆ ಹಿಡಿತ ಸಡಿಲುತ್ತದೆ. ಆಗ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳು ಹೆಚ್ಚು ಹೊರಡುತ್ತವೆ. ಎಲ್‌ಎಚ್ ವೃಷಣದ ಲೈಡಿಗ್ ಕೋಶಗಳನ್ನು ಪ್ರಚೋದಿಸಿ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳ ಮೂಲಕ ವೀರ್ಯಾಣು ಬೆಳೆಯಲು ನೆರವಾಗುತ್ತದೆ. ಗಂಡು ಕುದುರೆಗೆ ಇನ್ನೊಂದು ವಿಶೇಷವಿದೆ. ಅದರ ವೃಷಣ ಈಸ್ಟ್ರೋಜೆನನ್ನೂ ಅಪಾರವಾಗಿ ತಯಾರಿಸುತ್ತದೆ. ಹೆಣ್ಣಿನದೆಂದು ಎಲ್ಲರೂ ತಿಳಿದಿದ್ದ ಈ ಹಾರ್ಮೋನ್ ಗಂಡು ಕುದುರೆಯ ಮೂತ್ರದಲ್ಲಿ ಭಾರೀ ಪ್ರಮಾಣದಲ್ಲಿರುವುದನ್ನು 1934ರಲ್ಲಿ ಬರ್ನ್‌ಹಾರ್ಡ್ ಝೋಂಡೆಕ್ ತೋರಿಸಿಕೊಟ್ಟರು. ಇದರ ಮಟ್ಟವೂ ಋತುವಿನೊಂದಿಗೆ ಏರಿಳಿಯುತ್ತದೆ. ಕುರಿ, ಮೇಕೆಗಳಲ್ಲಿ ಇದೇ ಮೆಲಟೋನಿನ್ ಸಂದೇಶ ಬೇರೆ ಫಲ ಕೊಡುತ್ತದೆ. ರಾತ್ರಿ ಹಿಗ್ಗಿದಾಗ ಅವು ಬೆದೆಗೆ ಬರುತ್ತವೆ. ಕುರಿಯದು ಐದು ತಿಂಗಳ ಗರ್ಭ, ಕುದುರೆಯದು ಹನ್ನೊಂದು ತಿಂಗಳದು. ಎರಡರ ಮರಿಯೂ ಹುಲ್ಲು ಚಿಗುರುವ ಕಾಲಕ್ಕೆ ಹುಟ್ಟಬೇಕಾದರೆ ಒಂದು ಇಳಿಬೆಳಕಿನಲ್ಲಿ ಕೂಡಬೇಕು, ಇನ್ನೊಂದು ಏರುಬೆಳಕಿನಲ್ಲಿ ಕೂಡಬೇಕು.

ತಂಪು ದೇಶಗಳಲ್ಲಿ ಈ ಏರಿಳಿತ ಎಷ್ಟಿದೆ ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ. ಉತ್ತರ ಗೋಳಾರ್ಧದಲ್ಲಿ ಎಲ್‌ಎಚ್ ಮತ್ತು ಟೆಸ್ಟೋಸ್ಟೆರಾನ್ ಏಪ್ರಿಲ್‌ನಿಂದ ಜೂನ್‌ವರೆಗೆ ತುದಿ ಮುಟ್ಟುತ್ತವೆ, ಚಳಿಗಾಲದಲ್ಲಿ ತಳಕ್ಕೆ ಇಳಿಯುತ್ತವೆ. ಅಮೆರಿಕದ ಬಯಲಲ್ಲಿ ಯಾರ ಹಂಗೂ ಇಲ್ಲದೆ ತಿರುಗುವ ಕಾಡುಗುದುರೆಗಳಲ್ಲಿ 1970ರ ದಶಕದಲ್ಲಿ ಅಳೆದಾಗಲೂ ಟೆಸ್ಟೋಸ್ಟೆರಾನಿನ ತುದಿ ಮೇ ತಿಂಗಳಿನಲ್ಲೇ ಕಂಡಿತು. ಅಂದರೆ ಇದು ಲಾಯದ ಸಾಕಣೆಯಿಂದ ಹುಟ್ಟಿದ ಕ್ರಮವಲ್ಲ. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪಿಕೆಟ್ ಮತ್ತು ಸಂಗಡಿಗರ ಅಳತೆಯಲ್ಲಿ ಚಳಿಗಾಲದ ವೀರ್ಯಾಣು ಸಂಖ್ಯೆ ಬೇಸಿಗೆಯದರ ಅರ್ಧದಷ್ಟಕ್ಕೆ ಬಂದಿತ್ತು. ಟೆಕ್ಸಸ್‌ನ ಲ್ಯಾರಿ ಜಾನ್ಸನ್ ಮತ್ತು ಥಾಂಪ್ಸನ್ 1983ರಲ್ಲಿ ಇನ್ನೂ ಆಳಕ್ಕೆ ಹೋದರು. ಬೆಳೆದ ಪ್ರಾಣಿಯಲ್ಲಿ ಸರ್ಟೋಲಿ ಕೋಶಗಳ ಸಂಖ್ಯೆ ಬದಲಾಗುವುದಿಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. ಗಂಡು ಕುದುರೆಯಲ್ಲಿ ಆ ಸಂಖ್ಯೆಯೇ ಋತುಮಾನಕ್ಕೆ ತಕ್ಕಂತೆ ಸುಮಾರು ಮೂರನೇ ಒಂದರಷ್ಟು ಹೆಚ್ಚು ಕಡಿಮೆಯಾಗುವುದನ್ನು ಅವರು ಕಂಡರು. ಪ್ರತಿವರ್ಷ ತನ್ನ ಅಂಗಾಂಶವನ್ನೇ ಕುಗ್ಗಿಸಿ ಮತ್ತೆ ಕಟ್ಟಿಕೊಳ್ಳುವ ವೃಷಣ ಅದು.

ಆದರೂ ಈ ಏರಿಳಿತವನ್ನು ಅದರ ಅಳತೆಗೆ ಮೀರಿ ಹಿಗ್ಗಿಸಿ ನೋಡಬಾರದು. ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯಲ್ಲಿ ಸಕ್ರೆಬೈಲು ಆನೆ ಬಿಡಾರವಿದೆ. ಗಂಡಾನೆಯ ಮದ ಏನೆಂಬುದು ಈ ಸೀಮೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಶ್ರೀಲಂಕಾದ ಆನೆಗಳ ರಕ್ತವನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮದವಿಲ್ಲದಾಗ ಮಿಲಿಲೀಟರಿಗೆ ಒಂದೂವರೆ ನ್ಯಾನೋಗ್ರಾಂ ಒಳಗಿದ್ದ ಟೆಸ್ಟೋಸ್ಟೆರಾನ್, ಮದ ಬಂದಾಗ 30ರಿಂದ 65ರ ಮಟ್ಟಕ್ಕೆ ಏರಿತ್ತು. ಹತ್ತಾರು ಪಟ್ಟು ಏರಿಕೆ ಅದು. ಎಲ್ಲ ಆನೆಗಳಿಗೂ ಒಂದೇ ತಿಂಗಳಲ್ಲಿ ಮದ ಬರುವುದೂ ಇಲ್ಲ. ಒಂದೊಂದಕ್ಕೂ ಅದರದೇ ಕಾಲ. ಕುದುರೆಯದು ಇದಕ್ಕೆ ತೀರ ವಿರುದ್ಧ. ಎಲ್ಲ ಗಂಡುಗಳೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಏರುತ್ತವೆ, ಆದರೆ ತಂಪು ದೇಶದಲ್ಲೂ ಏರಿಕೆ ಸುಮಾರು ದುಪ್ಪಟ್ಟು ಮಾತ್ರ. ಚಳಿಗಾಲದ ಗಂಡು ಕುದುರೆ ಬಂಜೆಯಾಗುವುದಿಲ್ಲ, ಬೆದೆಗೆ ಬಂದ ಹೆಣ್ಣನ್ನು ಕಂಡು ಮುಖ ತಿರುಗಿಸುವುದೂ ಇಲ್ಲ. ಹೆಣ್ಣು ಕುದುರೆ ಚಳಿಗಾಲದಲ್ಲಿ ಬೆದೆಯನ್ನೇ ನಿಲ್ಲಿಸಿಬಿಡಬಹುದು. ಗಂಡು ನಿಧಾನವಾಗುತ್ತದೆ, ಅಷ್ಟೇ. ಈ ವ್ಯತ್ಯಾಸ ನೆನಪಿನಲ್ಲಿದ್ದರೆ ಮುಂದಿನ ಲೆಕ್ಕ ಸುಲಭ. ತಂಪು ದೇಶದಲ್ಲೇ ದುಪ್ಪಟ್ಟಿಗೆ ನಿಲ್ಲುವ ಅಲೆ ಹದಿಮೂರು ಡಿಗ್ರಿಗೆ ಬರುವಾಗ ಇನ್ನಷ್ಟು ತಗ್ಗಬೇಕೆಂಬುದು ನ್ಯಾಯವಾದ ನಿರೀಕ್ಷೆ.

ಆ ನಿರೀಕ್ಷೆಗೆ ಬೇರೆ ಕಡೆಯಿಂದಲೂ ಬೆಂಬಲವಿದೆ. ಸಮಭಾಜಕ ವೃತ್ತಕ್ಕೆ ಹತ್ತಿರವಾದಂತೆ ವರ್ಷವಿಡೀ ಬೆದೆಗೆ ಬರುವ ಹೆಣ್ಣು ಕುದುರೆಗಳ ಪಾಲು ಹೆಚ್ಚುತ್ತ ಹೋಗುತ್ತದೆ. ಮೈಕಟ್ಟು ಚೆನ್ನಾಗಿದ್ದರೆ ತಂಪು ದೇಶದಲ್ಲಿಯೂ ಕೆಲವು ಚಳಿಗಾಲವನ್ನು ಬೆದೆಯಲ್ಲೇ ದಾಟುತ್ತವೆ. ಅಂದರೆ ಬೆಳಕಿನ ಆಜ್ಞೆಯನ್ನು ಮೇವು ತಿದ್ದಬಲ್ಲುದು. ಯುರೋಪಿನ ಕುರಿಗಳು ಬೆಳಕಿನ ಗಡುವಿಗೆ ಕಟ್ಟುಬಿದ್ದು ವರ್ಷದ ಕೆಲವೇ ತಿಂಗಳು ಬೆದೆಗೆ ಬಂದರೆ, ನಮ್ಮ ಬನ್ನೂರು ಕುರಿಯಂಥ ಉಷ್ಣವಲಯದ ತಳಿಗಳು ಯಾವ ಕಾಲದಲ್ಲಾದರೂ ಗಬ್ಬವಾಗುತ್ತವೆ. ಕುದುರೆಯ ಚರ್ಮದ ಮೇಲೂ ಇದರ ಗುರುತಿದೆ. ಮೆಲಟೋನಿನ್ ಇಳಿದು ಪ್ರೊಲ್ಯಾಕ್ಟಿನ್ ಏರುವಾಗಲೇ ಕುದುರೆ ತನ್ನ ಚಳಿಗಾಲದ ಕೂದಲನ್ನು ಉದುರಿಸುತ್ತದೆ. ಉತ್ತರದ ಲಾಯಗಳಲ್ಲಿ ವಸಂತ ಬರುವಾಗ ಮೈ ಉಜ್ಜುವ ಬ್ರಷ್ಷಿನಲ್ಲಿ ಕೂದಲು ಮುದ್ದೆಮುದ್ದೆಯಾಗಿ ಬರುತ್ತದೆ. ನಮ್ಮ ಕುದುರೆಗೆ ಅಂಥ ದಟ್ಟ ಕೂದಲೇ ಬೆಳೆಯುವುದಿಲ್ಲ. ವೃಷಣಕ್ಕೆ ಋತುವನ್ನು ತಿಳಿಸುವ ಸಂದೇಶವೇ ಚರ್ಮಕ್ಕೂ ಹೋಗುವುದರಿಂದ, ಕುದುರೆ ನೋಡಿಕೊಳ್ಳುವ ಸಾಯಿಸನ ಕೈಯ ಬ್ರಷ್ಷು ಆ ಸಂದೇಶ ಎಷ್ಟು ಗಟ್ಟಿಯಾಗಿದೆ ಎಂಬುದರ ಸಾಕ್ಷಿಯೂ ಹೌದು.

ಇಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಹಾರುವುದು ಸುಲಭ. ಒಂದೂವರೆ ಗಂಟೆಯ ವ್ಯತ್ಯಾಸ ನಗಣ್ಯ, ಆದ್ದರಿಂದ ಕರ್ನಾಟಕದ ಕುದುರೆಗೆ ಋತುವೇ ಇಲ್ಲ ಎಂದುಬಿಡಬಹುದು. ಎರಡು ಕಾರಣಗಳಿಂದ ಅದು ಸರಿಯಲ್ಲ. ಮೊದಲನೆಯದಾಗಿ, ಸಣ್ಣ ವ್ಯತ್ಯಾಸವನ್ನು ಜೀವಿಗಳು ಗುರುತಿಸಬಲ್ಲವು. ಪನಾಮದಲ್ಲಿ, ಸುಮಾರು 9 ಡಿಗ್ರಿ ಅಕ್ಷಾಂಶದಲ್ಲಿ, ಕಾಡಿನ ಒಂದು ಜಾತಿಯ ಪುಟ್ಟ ಹಕ್ಕಿ ಹಗಲು ಕೇವಲ 17 ನಿಮಿಷ ಹೆಚ್ಚಾದಾಗಲೂ ಜನನಾಂಗವನ್ನು ಬೆಳೆಸಿಕೊಂಡದ್ದು 1998ರಲ್ಲಿ ವರದಿಯಾಯಿತು. ಹಕ್ಕಿಯ ಮಾತು ಕುದುರೆಗೆ ನೇರವಾಗಿ ಸಲ್ಲದಿದ್ದರೂ, ಉಷ್ಣವಲಯದ ಹಗಲು ಜೀವಿಗಳಿಗೆ ಏನನ್ನೂ ಹೇಳುವುದಿಲ್ಲ ಎಂಬ ಊಹೆಯನ್ನು ಅದು ಮುರಿಯುತ್ತದೆ. ಎರಡನೆಯದಾಗಿ, ಗಂಡು ಕುದುರೆ ಬೆಳಕಿನ ಕೈಗೊಂಬೆಯಲ್ಲ. ಅದರೊಳಗೇ ಒಂದು ವಾರ್ಷಿಕ ಲಯವಿದೆ. ಕೊಲರಾಡೊದಲ್ಲಿ ಕ್ಲೇ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಜುಲೈಯಿಂದ 20 ವಾರ ಕೆಲವು ಕುದುರೆಗಳಿಗೆ ದಿನಕ್ಕೆ 8 ಗಂಟೆ ಮಾತ್ರ ಬೆಳಕು ಕೊಟ್ಟು, ಡಿಸೆಂಬರಿನಿಂದ 16 ಗಂಟೆಗೆ ಏರಿಸಿದರು. ವೃಷಣದ ಗಾತ್ರವೂ ವೀರ್ಯಾಣು ಸಂಖ್ಯೆಯೂ ಫೆಬ್ರವರಿಯ ಹೊತ್ತಿಗೇ ತುದಿ ಮುಟ್ಟಿದವು. ಆದರೆ ಬೆಳಕು ಹಾಗೆಯೇ ಉರಿಯುತ್ತಿದ್ದಾಗಲೇ, ಹೊರಗೆ ಋತು ಇನ್ನೂ ಮುಗಿಯದಿರುವಾಗಲೇ, ಅವು ಇಳಿಯತೊಡಗಿದವು. ಬೆಳಕು ಒಳಗಿನ ಲಯವನ್ನು ಹಿಂದೆ ಮುಂದೆ ಸರಿಸಬಲ್ಲುದು, ಹೊಸದಾಗಿ ಸೃಷ್ಟಿಸಲಾರದು, ಅಳಿಸಲೂ ಆರದು. ಆದ್ದರಿಂದ ಹದಿಮೂರು ಡಿಗ್ರಿಯ ಕುದುರೆಯಲ್ಲಿಯೂ ಆ ಲಯ ಇರಲೇಬೇಕು. ಆದರೆ ಅದನ್ನು ಬಿಗಿಹಿಡಿದು ಎಲ್ಲ ಕುದುರೆಗಳನ್ನೂ ಒಂದೇ ಹೆಜ್ಜೆಗೆ ತರುವ ಬೆಳಕು ದುರ್ಬಲವಾದದ್ದರಿಂದ, ಒಂದು ಕುದುರೆಯ ತುದಿ ಇನ್ನೊಂದರದಕ್ಕೆ ಹೊಂದದಿರುವ ಸಾಧ್ಯತೆ ಇಲ್ಲಿ ಹೆಚ್ಚು.

ಮಲೆನಾಡಿನವರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮೀರಿ ಮಳೆ. ಆಷಾಢದ ಮೋಡ ಮುಸುಕಿದ ಮಧ್ಯಾಹ್ನ ಮುಸ್ಸಂಜೆಯಂತೆ ಇರುತ್ತದೆ. ಅತಿ ದೀರ್ಘ ಹಗಲು ಬರುವ ಜೂನ್‌ನಲ್ಲಿಯೇ ಮಳೆಗಾಲ ಹಿಡಿಯುವುದರಿಂದ, ಇರುವ ಒಂದೂವರೆ ಗಂಟೆಯ ವ್ಯತ್ಯಾಸವನ್ನೂ ಮೋಡ ನುಂಗಿಬಿಡುವುದಿಲ್ಲವೇ? ಮನುಷ್ಯನ ಕಣ್ಣಿಗೆ ಹಾಗೆ ತೋರಿದರೂ ಕುದುರೆಯ ಪೀನಿಯಲ್ ಗ್ರಂಥಿಗೆ ಹಾಗಲ್ಲ. ಕುದುರೆಯ ಒಂದೇ ಕಣ್ಣಿಗೆ ನೀಲಿ ಬೆಳಕು ಬಿಟ್ಟು ಡಬ್ಲಿನ್‌ನಲ್ಲಿ ಮಾಡಿದ ಪ್ರಯೋಗಗಳಲ್ಲಿ ಸುಮಾರು 10 ಲಕ್ಸ್ ಬೆಳಕೇ ಮೆಲಟೋನಿನನ್ನು ತಗ್ಗಿಸಲು ಸಾಕಾಯಿತು. ದಟ್ಟ ಮೋಡದ ಹಗಲಿನಲ್ಲೂ ಬಯಲಲ್ಲಿ ಸಾವಿರ ಲಕ್ಸ್‌ಗೆ ಕಡಿಮೆಯಿರುವುದು ಅಪರೂಪ. ಮೋಡ ಹಗಲಿನ ಪ್ರಖರತೆಯನ್ನು ಕುಗ್ಗಿಸುತ್ತದೆ, ಉದ್ದವನ್ನಲ್ಲ; ಗ್ರಂಥಿ ಲೆಕ್ಕವಿಡುವುದು ಉದ್ದವನ್ನು. ಮೋಡಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಲಾಯದಲ್ಲಿ ರಾತ್ರಿ ಹತ್ತರವರೆಗೆ ಉರಿಯುವ ದೀಪದ ಬಗ್ಗೆ. ಹಗಲಿನ ಸ್ವಾಭಾವಿಕ ಏರಿಳಿತವೇ ಒಂದೂವರೆ ಗಂಟೆಯಿರುವ ಕಡೆ, ಕಾವಲಿಗೆಂದು ಹಚ್ಚಿಟ್ಟ ಬಲ್ಬು ಅದರ ಎರಡರಷ್ಟು ಹಗಲನ್ನು ಸೇರಿಸಿಬಿಡುತ್ತದೆ.

ನಮ್ಮಲ್ಲಿ ಬೆಳಕಿಗಿಂತ ಗಟ್ಟಿಯಾಗಿ ಮಾತಾಡುವುದು ಸೆಕೆ. ವೃಷಣ ದೇಹದ ಶಾಖಕ್ಕಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ಬೆಳೆಯುತ್ತದೆ. ಕುದುರೆಯಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 57 ದಿನ ಬೇಕು. ವೃಷಣದಿಂದ ಹೊರಟು ಎಪಿಡಿಡಿಮಿಸ್ ಎಂಬ ಸುರುಳಿನಾಳ ದಾಟಲು ಮತ್ತೊಂದು ವಾರಕ್ಕಿಂತ ಹೆಚ್ಚು. ಎರಡೂ ಸೇರಿದರೆ ಎರಡು ತಿಂಗಳ ಮೇಲೆ. ಈ ಲೆಕ್ಕವನ್ನು ಕುಣಿಗಲ್ಲಿನ ಹವೆಗೆ ಹೊಂದಿಸಿದರೆ ಚಿತ್ರವೇ ಬದಲಾಗುತ್ತದೆ. ಅಲ್ಲಿ ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಸುಡುಬಿಸಿಲು. ಇಂಗ್ಲೆಂಡಿನಲ್ಲಿ ಹಾರ್ಮೋನಿನ ತುದಿಯೂ ಹಿತವಾದ ಹವೆಯೂ ಒಟ್ಟಿಗೆ ಬರುತ್ತವೆ. ಇಲ್ಲಿ ಹಾರ್ಮೋನ್ ಏರುವ ಕಾಲವೂ ಸೆಕೆಯ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಏಪ್ರಿಲ್‌ನ ಬಿಸಿಲಿಗೆ ಹಾನಿಯಾದ ವೀರ್ಯಾಣು ಮೇ, ಜೂನ್ ತಿಂಗಳ ವೀರ್ಯದಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮಳೆ ಬಂದು ಹವೆ ತಂಪಾಗಿರುವುದರಿಂದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಚೆನ್ನಾಗಿದ್ದು, ಗಂಡು ಹುರುಪಿನಿಂದಿದ್ದು, ಹೆಣ್ಣು ಮಾತ್ರ ಗಬ್ಬ ನಿಲ್ಲದಿದ್ದರೆ ದೋಷ ಹೆಣ್ಣಿನದೇ ಎಂದುಕೊಳ್ಳುವುದು ರೂಢಿ. ಹಾರ್ಮೋನಿನ ಋತುವೂ ವೀರ್ಯದ ಋತುವೂ ಬೇರೆಬೇರೆಯಾಗಬಲ್ಲವು ಎಂಬ ಅರಿವು ಈ ರೂಢಿಯನ್ನು ತಿದ್ದೀತು.

ಉಷ್ಣ ಇಷ್ಟು ಕೆಡುಕೆಂದರೆ ದಕ್ಷಿಣದಲ್ಲಿ ಕುದುರೆ ಬೆಳೆಸುವುದೇ ಆಗದ ಮಾತು ಎನ್ನುವವರು ಹಿಂದಿನಿಂದಲೂ ಇದ್ದಾರೆ. ಹದಿಮೂರನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಈ ನಾಡಿನ ಹವೆಗೆ ಒಳ್ಳೆಯ ಕುದುರೆ ಹುಟ್ಟುವುದಿಲ್ಲವೆಂದು ಬರೆದ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹೇಳುವಂತೆ ವಿಜಯನಗರದ ಅರಸ ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಿದ್ದ. ಹಾರ್ಮುಜ್ ಕಡೆಯ ಕುದುರೆಗಳು ಹಡಗಿನಲ್ಲಿ ಬಂದು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಆದರೆ ಆಮದು ನಡೆದದ್ದು ಗಂಡು ಕುದುರೆ ಇಲ್ಲಿ ಬಂಜೆಯಾಗುತ್ತಿತ್ತೆಂಬುದಕ್ಕೆ ಸಾಕ್ಷಿಯಾಗಲಾರದು. ನೂನಿಜ್‌ನ ಲೆಕ್ಕದಲ್ಲೇ ನಾಡಿನಲ್ಲಿ ಹುಟ್ಟಿದ ಕುದುರೆಗಳೂ ಸೇರಿವೆ. ಮಾರ್ಕೊ ಪೋಲೊ ತಾನೇ ದಾಖಲಿಸಿದಂತೆ ಇಲ್ಲಿ ಕುದುರೆಗೆ ಬೇಯಿಸಿದ ಮಾಂಸ, ಅನ್ನ ತಿನ್ನಿಸುತ್ತಿದ್ದರು. ಅಂಥ ಮೇವಿನಲ್ಲಿ ಯಾವ ಅಕ್ಷಾಂಶದಲ್ಲೂ ಕುದುರೆ ಏಳಿಗೆಯಾಗದು. ಹದಿನೆಂಟನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಸೈನ್ಯದ ಕುದುರೆಗಳಿಗಾಗಿ ಕುಣಿಗಲ್ಲಿನಲ್ಲಿ ಫಾರಂ ನೆಲೆಗೊಂಡಿತು. ಬ್ರಿಟಿಷರ ಕೈಗೂ ಮೈಸೂರು ಸರ್ಕಾರದ ಕೈಗೂ ಬಂದು, 1992ರಲ್ಲಿ 30 ವರ್ಷದ ಗುತ್ತಿಗೆಗೆ ಖಾಸಗಿಯವರ ಪಾಲಾದ ಆ 400 ಎಕರೆಗೂ ಮೀರಿದ ಹುಲ್ಲುಗಾವಲಿನಿಂದ ಪೀಳಿಗೆಗಳ ಕಾಲ ರೇಸ್ ಕುದುರೆಗಳು ಬಂದಿವೆ. ಹದಿಮೂರು ಡಿಗ್ರಿಯಲ್ಲಿ ಗಂಡು ಕುದುರೆ ಫಲವಂತವಾಗಿ ಬಾಳುತ್ತದೆ ಎಂಬುದಕ್ಕೆ ಎರಡು ಶತಮಾನದ ಈ ದಾಖಲೆ ಸಾಲದೇ?

ಇದೇ ದಾಖಲೆಯನ್ನು ಹಿಡಿದು ಇನ್ನೊಂದು ಆಕ್ಷೇಪ ಬರುತ್ತದೆ. ನಮ್ಮ ದೇಶದ ರೇಸ್ ಕುದುರೆಗಳಲ್ಲಿ ಹೆಚ್ಚಿನವು ವರ್ಷದ ಮೊದಲ ನಾಲ್ಕೈದು ತಿಂಗಳಲ್ಲೇ ಹುಟ್ಟುತ್ತವೆ. ಋತು ಬಲವಾಗಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂದು. ಆದರೆ ಈ ಪುರಾವೆಯನ್ನು ಸೃಷ್ಟಿಸಿದ್ದು ಮನುಷ್ಯ. ಭಾರತದಲ್ಲಿ ಥರೋಬ್ರೆಡ್ ಎಂಬ ರೇಸ್ ತಳಿಯ ಎಲ್ಲ ಕುದುರೆಗಳ ಅಧಿಕೃತ ಹುಟ್ಟುಹಬ್ಬ ಜನವರಿ 1. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿಗೆ ನಾಲ್ಕೈದು ದಿನದಲ್ಲೇ ಒಂದು ವರ್ಷ ತುಂಬಿದಂತೆ ಲೆಕ್ಕ. ಅದು ಓಟದಲ್ಲಿ ತನಗಿಂತ ಹನ್ನೊಂದು ತಿಂಗಳು ದೊಡ್ಡವರೊಡನೆ ಸೆಣಸಬೇಕು. ಆದ್ದರಿಂದ ಮರಿ ಜನವರಿಯ ನಂತರ ಆದಷ್ಟು ಬೇಗ ಹುಟ್ಟಲೆಂದು ಫೆಬ್ರವರಿ ಮಧ್ಯದಿಂದ ಗಂಡು ಬಿಡುತ್ತಾರೆ. ಉಳಿದ ತಿಂಗಳುಗಳಲ್ಲಿ ಹೆಣ್ಣಿಗೆ ಗಂಡನ್ನೇ ತೋರಿಸದೆ, ಆಗ ಮರಿ ಹುಟ್ಟುವುದಿಲ್ಲ ಎಂಬುದನ್ನು ಪ್ರಕೃತಿಯ ತೀರ್ಪೆಂದು ಓದುವುದು ತರ್ಕವಾಗದು. ಉತ್ತರ ದೇಶಗಳಲ್ಲಿ ಈ ಕಾಗದದ ಪಂಚಾಂಗಕ್ಕೂ ದೇಹದ ಪಂಚಾಂಗಕ್ಕೂ ದೊಡ್ಡ ಜಗಳ: ಗಂಡು ಬೇಕಾದದ್ದು ಫೆಬ್ರವರಿಗೆ, ತುದಿ ಬರುವುದು ಮೇ ತಿಂಗಳಿಗೆ. ನಮ್ಮ ಚಳಿಗಾಲ ಗಂಡನ್ನು ಅಷ್ಟು ಆಳಕ್ಕೆ ಇಳಿಸದಿದ್ದರೆ, ಫೆಬ್ರವರಿಯ ತಂಪಿನಲ್ಲಿ ನಮ್ಮ ಗಂಡು ಅಲ್ಲಿನದಕ್ಕಿಂತ ಹೆಚ್ಚು ಸಿದ್ಧವಾಗಿರುತ್ತದೆ. ದಕ್ಷಿಣದ ಈ ಅನುಕೂಲವನ್ನು ನಾವು ಇನ್ನೂ ಅನುಕೂಲವೆಂದು ಎಣಿಸಿಲ್ಲ.

ಹಾಗಾದರೆ ಇಷ್ಟು ತೆಳುವಾದ ಋತುವಿನ ಬಗ್ಗೆ ತಲೆಕೆಡಿಸಿಕೊಳ್ಳುವುದೇಕೆ ಎಂದು ಕೇಳಬಹುದು. ಒಂದೆರಡು ಹೆಣ್ಣುಗಳಿಗೆ ಒಂದು ಗಂಡು ಇರುವ ಕಡೆ ಚಿಂತೆ ಬೇಕಿಲ್ಲ. ಆದರೆ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ವಂಶಾವಳಿ ಪುಸ್ತಕಕ್ಕೆ ಸೇರಿಸುವುದಿಲ್ಲ. ಒಂದೇ ಬೀಜದ ಕುದುರೆ ಕೆಲವು ತಿಂಗಳಲ್ಲಿ ಹತ್ತಾರು ಹೆಣ್ಣುಗಳಿಗೆ ಖುದ್ದಾಗಿ ಸಲ್ಲಬೇಕು. ಆಗ ವೀರ್ಯದ ದಾಸ್ತಾನಿನ ನಾಲ್ಕನೇ ಒಂದು ಪಾಲು ಕುಗ್ಗಿದರೂ, ಒಂದು ಬಾರಿಯ ಕೂಡಿಕೆಗೆ ಗಂಡು ಹೆಚ್ಚು ಹೊತ್ತು ತೆಗೆದುಕೊಂಡರೂ ಲೆಕ್ಕ ತಪ್ಪುತ್ತದೆ. ಇನ್ನೊಂದು ಕಾರಣ ತಪಾಸಣೆಯದು. ಟೆಸ್ಟೋಸ್ಟೆರಾನ್ ಗಂಟೆಗಂಟೆಗೆ ಏರಿಳಿಯುತ್ತದೆ. ಒಂದೇ ಬಾರಿ ತೆಗೆದ ರಕ್ತದಿಂದ ಕುದುರೆಯ ಯೋಗ್ಯತೆ ತೀರ್ಮಾನಿಸುವುದು ಅಪಾಯ. ಅದರ ಜೊತೆಗೆ ಉತ್ತರ ದೇಶದ ಬೇಸಿಗೆಯ ಸಂಖ್ಯೆಯನ್ನು ಅಳತೆಗೋಲಾಗಿಟ್ಟುಕೊಂಡರೆ, ಇಲ್ಲಿನ ಆರೋಗ್ಯವಂತ ಗಂಡೂ ಕುಂದುಳ್ಳದ್ದೆಂದು ಕಾಣಬಹುದು. ಒಳ್ಳೆಯ ಬೀಜದ ಕುದುರೆಯನ್ನು ಹಾಗೆ ಬದಿಗಿಡುವುದು ತಳಿಗೇ ಆಗುವ ನಷ್ಟ. 2012ರಲ್ಲಿ 6.25 ಲಕ್ಷವಿದ್ದ ದೇಶದ ಕುದುರೆ, ಟಟ್ಟುಗಳ ಸಂಖ್ಯೆ 2019ರ ಜಾನುವಾರು ಗಣತಿಯಲ್ಲಿ 3.4 ಲಕ್ಷಕ್ಕೆ ಕುಸಿದಿರುವಾಗ ಅಂಥ ನಷ್ಟವನ್ನು ಭರಿಸುವ ಸ್ಥಿತಿ ನಮಗಿಲ್ಲ.

ಹೊರದೇಶದಲ್ಲಿ ಫಲಿಸಿದ ದೀಪದ ಉಪಾಯವನ್ನು ಇಲ್ಲಿಯೂ ಮಾಡಿದರಾಯಿತಲ್ಲ ಎಂಬ ಸಲಹೆಯನ್ನೂ ತೂಗಿ ನೋಡಬೇಕು. ಹೆಣ್ಣು ಕುದುರೆಗಳನ್ನು ಬೇಗ ಬೆದೆಗೆ ತರಲು ದಿನಕ್ಕೆ 16 ಗಂಟೆ ಬೆಳಕು ಕೊಡುವ ಕ್ರಮ ಉಪಯುಕ್ತವಾದದ್ದೇ. ಗಂಡಿನ ವಿಷಯದಲ್ಲಿ ಕ್ಲೇ ಪ್ರಯೋಗ ಕೊಟ್ಟ ಎಚ್ಚರಿಕೆ ನಮ್ಮ ಮುಂದಿದೆ: ಬೇಗ ಏರಿದ್ದು ಬೇಗ ಇಳಿಯುತ್ತದೆ. ಅಲ್ಲದೆ ಆ ಏರಿಕೆಗೆ ಮೊದಲು ಚಿಕ್ಕ ಹಗಲಿನ ಒಂದು ದೀರ್ಘ ಅವಧಿ ಕೊಟ್ಟಿದ್ದರು; ನಮ್ಮ ಚಳಿಗಾಲದ ಹಗಲೇ ಹನ್ನೊಂದು ಗಂಟೆ ದಾಟುವಾಗ ಅಂಥ ಪೂರ್ವಸಿದ್ಧತೆ ತಾನಾಗಿ ಆಗುವುದಿಲ್ಲ. ಇಳಿದಿರುವುದೇ ಅಲ್ಪವಾದಲ್ಲಿ ಏರಿಸಲು ದೀಪ ಹಚ್ಚುವುದಕ್ಕಿಂತ, ಏಪ್ರಿಲ್, ಮೇ ತಿಂಗಳ ಲಾಯಕ್ಕೆ ಎತ್ತರದ ಸೂರು, ಗಾಳಿಯಾಡುವ ಕಿಂಡಿ, ನೆರಳಿನ ಮೇವುಗಾವಲು, ಬೆಳಗಿನ ತಂಪಿನಲ್ಲೇ ಗಂಡು ಬಿಡುವ ಕ್ರಮ, ಬೇಸಿಗೆಯಲ್ಲೂ ಮೈಕಟ್ಟು ಇಳಿಯದಂತೆ ಹುರುಳಿ, ಹಸಿಹುಲ್ಲು – ಇವುಗಳಿಗೆ ಹಣ ಹಾಕುವುದು ಹೆಚ್ಚು ಫಲ ಕೊಡುತ್ತದೆ.

ಕೊನೆಯಲ್ಲಿ ಆಗಬೇಕಾದ ಕೆಲಸ ಅಷ್ಟೇನೂ ದೊಡ್ಡದಲ್ಲ. ಕೆಲವು ಬೀಜದ ಕುದುರೆಗಳನ್ನು ಎರಡು ವರ್ಷ ಹಿಡಿದು, ತಿಂಗಳಿಗೊಮ್ಮೆ ಒಂದೇ ಹೊತ್ತಿನಲ್ಲಿ ಸ್ವಲ್ಪ ಅಂತರವಿಟ್ಟು ಹಲವು ಬಾರಿ ರಕ್ತ ತೆಗೆದು ಎಲ್‌ಎಚ್, ಟೆಸ್ಟೋಸ್ಟೆರಾನ್, ಈಸ್ಟ್ರೋಜೆನ್ ಅಳೆಯುವುದು. ವೃಷಣದ ಅಗಲ, ವೀರ್ಯಾಣು ಸಂಖ್ಯೆ, ಲಾಯದ ಉಷ್ಣಾಂಶ, ರಾತ್ರಿ ದೀಪ ಉರಿದ ಗಂಟೆಗಳನ್ನು ಅದರ ಪಕ್ಕದಲ್ಲೇ ಬರೆದಿಡುವುದು. ಹೆಬ್ಬಾಳದಲ್ಲಿಯೂ ಶಿವಮೊಗ್ಗದಲ್ಲಿಯೂ ಪಶುವೈದ್ಯಕೀಯ ಕಾಲೇಜುಗಳಿವೆ. ಒಂದು ಬಯಲುಸೀಮೆಯ ಹವೆಗೆ, ಇನ್ನೊಂದು ಮಲೆನಾಡಿನ ಅಂಚಿಗೆ ಸೇರಿದ್ದು. ಹಗಲಿನ ಉದ್ದ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, ಮಳೆಯೂ ತೇವಾಂಶವೂ ಬೇರೆ. ಬೆಳಕನ್ನು ಸಮವಾಗಿಟ್ಟು ಹವೆಯ ಪಾಲೆಷ್ಟೆಂದು ಬಿಡಿಸಿ ನೋಡಲು ಇಂಥ ಸೌಕರ್ಯ ಕೊಲರಾಡೊಗೂ ಇಲ್ಲ. ಈ ಅಳತೆ ನಡೆದರೆ ಮೇಲಿನ ವಾದದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ತಿಳಿಯುತ್ತದೆ. ಇಲ್ಲಿನ ಕುದುರೆಗೆ ಇಲ್ಲಿನದೇ ಅಳತೆಗೋಲು ಸಿಗುತ್ತದೆ. ಅಲ್ಲಿಯವರೆಗೆ ಫೆಬ್ರವರಿ, ಮಾರ್ಚ್ ತಿಂಗಳ ತಂಪನ್ನು ಬಳಸಿಕೊಂಡು, ಏಪ್ರಿಲ್ ನಂತರ ಗಂಡಿನ ವೀರ್ಯವನ್ನು ಹಾರ್ಮೋನಿನಷ್ಟೇ ಎಚ್ಚರದಿಂದ ಪರೀಕ್ಷಿಸುತ್ತ ನಡೆಯುವುದು ಕರ್ನಾಟಕದ ಕುದುರೆ ಸಾಕಣೆಗೆ ಸರಿಯಾದ ದಾರಿ.